ಹೆಗಲಿನ ಲೆಕ್ಕ ಇಟ್ಟವನು

ಕಳೆದ ವರ್ಷದ ಮಳೆಗಾಲದಲ್ಲಿ ಅಟ್ಟದ ಮೇಲಿದ್ದ ಹಳೆಯ ಪುಸ್ತಕಗಳ ಪೆಟ್ಟಿಗೆಯೊಂದನ್ನು ಇಳಿಸಲು ಹೋದೆ. ಬಲ ಹೆಗಲಿನೊಳಗೆ ಏನೋ ಚಳಕ್ಕೆಂದಿತು. ಎರಡು ದಿನ ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಂಡೆ. ಮೂರನೆಯ ದಿನ ತರಗತಿಯಲ್ಲಿ ಬೋರ್ಡಿನ ಮೇಲ್ತುದಿಯಲ್ಲಿ ಇಸವಿ ಬರೆಯಲೆಂದು ಕೈಯೆತ್ತಿದರೆ ಅದು ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ಕೈ ಅದು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ನಾನು ಬರೀಲಾ?" ಅಂದಳು. ಸೀಮೆಸುಣ್ಣ ಅವಳ ಕೈಗೆ ಕೊಟ್ಟೆ.

ಸ್ಕ್ಯಾನ್ ಆಯಿತು. ರೊಟೇಟರ್ ಕಫ್‌ನ ಒಂದು ಸ್ನಾಯುರಜ್ಜು ಹರಿದಿದೆ, ಹರುಕು ಚಿಕ್ಕದು ಎಂದರು ವೈದ್ಯರು. ಹೊಲಿಯಬಹುದು, ಅಥವಾ ವ್ಯಾಯಾಮ ಮಾಡುತ್ತಾ ಕಾದು ನೋಡಬಹುದು, ಯೋಚಿಸಿ ಹೇಳಿ ಎಂದು ಫಿಸಿಯೋಥೆರಪಿಗೆ ಬರೆದುಕೊಟ್ಟರು. ಅಲ್ಲಿದ್ದ ತರುಣ, "ಎಡಗೈಲಿ ಟೇಬಲ್ ಹಿಡಿದು ಬಗ್ಗಿ ಸಾರ್. ಬಲಗೈ ಜೋತುಬಿಡಿ. ಗಡಿಯಾರದ ಲೋಲಕದ ಥರ ಆಡಲಿ. ಇದು ಕಾಡ್‌ಮನ್ ಎಕ್ಸರ್‌ಸೈಜ್" ಎಂದ. ಬಗ್ಗಿಕೊಂಡು ಕೈ ಜೋಲಾಡಿಸುವುದಕ್ಕೆ ಕಾಡುಮನುಷ್ಯನ ವ್ಯಾಯಾಮ ಎಂದು ಹೆಸರಿಟ್ಟಿದ್ದಾರೆ ಅಂದುಕೊಂಡು ಮನೆಗೆ ಬಂದು ಹೇಳಿದೆ. ನನ್ನ ಭಂಗಿ ನೋಡಿದ ಹೆಂಡತಿ, "ಸರಿಯಾದ ಹೆಸರೇ ಇಟ್ಟಿದಾರೆ ಬಿಡ್ರೀ" ಎಂದು ನಕ್ಕಳು.

ಆಮೇಲೆ ತಿಳಿಯಿತು, ಕಾಡ್‌ಮನ್ ಒಬ್ಬ ಮನುಷ್ಯನ ಹೆಸರು. ಅರ್ನೆಸ್ಟ್ ಏಮರಿ ಕಾಡ್‌ಮನ್, ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ. ದಿನಕ್ಕೆ ಮೂರು ಹೊತ್ತು ಒಬ್ಬನ ಹೆಸರಿನಲ್ಲಿ ತಲೆಬಗ್ಗಿಸುತ್ತಾ ಆತ ಯಾರು ಎಂದು ಕೇಳದೆ ಇರುವುದು ಇತಿಹಾಸದ ಮೇಷ್ಟ್ರಿಗೆ ಆಗದ ಮಾತು. ಹುಡುಕುತ್ತಾ ಹೋದೆ. ನನ್ನ ಹೆಗಲಿನ ಪ್ರಶ್ನೆಗೂ ಆತನ ಬದುಕಿಗೂ ನಾನು ಎಣಿಸಿದ್ದಕ್ಕಿಂತ ಹತ್ತಿರದ ನಂಟಿತ್ತು.

ಮೊದಲು ಹೆಗಲಿನ ಕಟ್ಟಡವನ್ನು ಸ್ವಲ್ಪ ನೋಡಬೇಕು. ಶಾಲೆಯ ಆಟದ ದಿನ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದು ನೆನಪಿರಬಹುದು. ಹೆಗಲಿನ ಕೀಲು ಬಹುಮಟ್ಟಿಗೆ ಅದೇ. ತೋಳಿನ ಮೂಳೆಯ ದುಂಡನೆಯ ತಲೆ ದೊಡ್ಡದು, ಅದು ಕೂತಿರುವ ಗುಳಿ ಚಿಕ್ಕದು ಮತ್ತು ಆಳವಿಲ್ಲದ್ದು. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಆಳವಾದ ಬಟ್ಟಲಿನಲ್ಲಿ ಭದ್ರವಾಗಿರುತ್ತದೆ. ಹೆಗಲಿಗೆ ಆ ಭದ್ರತೆಯಿಲ್ಲ. ಕೈ ಎಲ್ಲ ದಿಕ್ಕಿಗೂ ತಿರುಗಲಿ ಎಂಬುದಕ್ಕೆ ದೇಹ ತೆತ್ತ ಬೆಲೆ ಅದು. ನಿಂಬೆಹಣ್ಣು ಚಮಚದಿಂದ ಉರುಳದಂತೆ ಕಾಯುವುದು ನಾಲ್ಕು ಸ್ನಾಯುಗಳು. ಬೆನ್ನಿನ ಮೇಲ್ಭಾಗದ ಚಪ್ಪಟೆ ಮೂಳೆಯಿಂದ ಹೊರಟ ಅವುಗಳ ತುದಿಗಳು ಚಪ್ಪಟೆಯಾದ ಗಟ್ಟಿ ಪಟ್ಟಿಗಳಾಗಿ, ಒಂದರೊಡನೊಂದು ಬೆಸೆದು, ತೋಳಿನ ಮೂಳೆಯ ತಲೆಯನ್ನು ಮುಂದೆ, ಮೇಲೆ, ಹಿಂದೆ ಸುತ್ತಿಕೊಳ್ಳುತ್ತವೆ. ಅಂಗಿಯ ತೋಳಿನ ತುದಿಯ ಕಫ್ ಮಣಿಕಟ್ಟನ್ನು ಸುತ್ತಿದ ಹಾಗೆ. ಅದಕ್ಕೇ ರೊಟೇಟರ್ ಕಫ್ ಎಂಬ ಹೆಸರು. ನಾಲ್ಕರಲ್ಲಿ ಮೇಲಿನದು ಸುಪ್ರಾಸ್ಪೈನೇಟಸ್. ಕೆಳಗೆ ಮೂಳೆಯ ತಲೆ, ಮೇಲೆ ಹೆಗಲ ತುದಿಯ ಮೂಳೆಯ ಚಾವಣಿ, ನಡುವಿನ ಇಕ್ಕಟ್ಟಿನಲ್ಲಿ ಅದರ ಪಟ್ಟಿ ಹಾದುಹೋಗುತ್ತದೆ. ಹರಿಯುವುದು ಹೆಚ್ಚಾಗಿ ಇದೇ. ನನ್ನದೂ ಇದೇ.

ಹರುಕನ್ನು ಮೊದಲು ಕಂಡವನು ಕಾಡ್‌ಮನ್ ಅಲ್ಲ. 1834ರಲ್ಲಿ ಜಾನ್ ಗ್ರೆಗರಿ ಸ್ಮಿತ್ ಎಂಬ ಇಂಗ್ಲಿಷ್ ವೈದ್ಯ, ಹೆಣಗಳನ್ನು ಕೊಯ್ದು ನೋಡುವಾಗ ಹೆಗಲಿನ ಈ ಪಟ್ಟಿಗಳು ಹರಿದಿದ್ದ ಏಳು ಪ್ರಸಂಗಗಳನ್ನು ಲಂಡನ್ನಿನ ಪತ್ರಿಕೆಯೊಂದಕ್ಕೆ ಬರೆದ. ಆದರೆ ಹೆಣ ತನ್ನ ಕಥೆ ಹೇಳುವುದಿಲ್ಲ. ಆ ಏಳು ಮಂದಿ ಬದುಕಿದ್ದಾಗ ಕೈಯೆತ್ತಲು ಪಟ್ಟ ಪಾಡು ಏನು, ಹರಿದದ್ದು ಯಾವಾಗ ಎಂದು ಕೇಳಲು ಯಾರೂ ಉಳಿದಿರಲಿಲ್ಲ. ಡಬ್ಲಿನ್ನಿನ ರಾಬರ್ಟ್ ಆಡಮ್ಸ್ 1857ರ ತನ್ನ ಗ್ರಂಥದಲ್ಲಿ ಸವೆದು ಹಾಳಾದ ಹೆಗಲ ಕೀಲುಗಳನ್ನು ವರ್ಣಿಸಿ ಅದನ್ನು ದೀರ್ಘಕಾಲದ ಸಂಧಿವಾತದ ಲೆಕ್ಕಕ್ಕೆ ಸೇರಿಸಿದ. 1872ರಲ್ಲಿ ಪ್ಯಾರಿಸ್ಸಿನ ಸಿಮೋನ್ ದ್ಯುಪ್ಲೇ, ನೋವಿನ ಮೂಲ ಕೀಲಿನ ಒಳಗಿಲ್ಲ, ಸುತ್ತಲಿನ ಅಂಗಾಂಶಗಳಲ್ಲಿದೆ ಎಂದು ತೋರಿಸಿ ಅದಕ್ಕೊಂದು ಉದ್ದನೆಯ ಹೆಸರು ಕೊಟ್ಟ. ಹೆಸರು ಸಿಕ್ಕಿದ ಮೇಲೆ ಹುಡುಕಾಟ ನಿಲ್ಲುವುದು ವಾಡಿಕೆ. ಕೈಯೆತ್ತಲಾರದವರೆಲ್ಲ ಆ ಒಂದೇ ಹೆಸರಿನ ಕೆಳಗೆ ಬಂದು ಕೂತರು.

ಇದನ್ನು ಓದುವಾಗ ನನಗೆ ನೆನಪಾದವಳು ಅಮ್ಮ. ಅವಳ ಕೊನೆಯ ಹತ್ತು ವರ್ಷ ಬಲಗೈ ಎದೆಯ ಮಟ್ಟ ದಾಟುತ್ತಿರಲಿಲ್ಲ. ನೆಲುವಿಗೆ ಕೈ ಹಾಕುವಾಗ ಎಡಗೈಯಿಂದ ಬಲ ಮೊಣಕೈಯನ್ನು ತಾನೇ ಎತ್ತಿಕೊಡುತ್ತಿದ್ದಳು, ಮಗುವನ್ನು ಎತ್ತಿಕೊಟ್ಟ ಹಾಗೆ. ಹೂ ಮುಡಿಸಲು ಸೊಸೆ ಬೇಕಾಗುತ್ತಿತ್ತು. ಹೆಗಲಿನಿಂದ ಕಟಕಟ ಸದ್ದು ಬರುತ್ತಿತ್ತು. ನಾವೆಲ್ಲ ಅದನ್ನು ವಾಯು ಅಂದೆವು. ಅವಳೂ ವಾಯು ಅಂದಳು. ಹೆಸರಿತ್ತಲ್ಲ, ಅಷ್ಟಕ್ಕೇ ಸುಮ್ಮನಾದೆವು.

ಕಾಡ್‌ಮನ್ ಸುಮ್ಮನಾಗದ ಜಾತಿಯವನು. 1869ರ ಕೊನೆಯಲ್ಲಿ ಬಾಸ್ಟನ್ನಿನ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿದ. ಮುಂದೆ ಮೆದುಳಿನ ಶಸ್ತ್ರಚಿಕಿತ್ಸೆಗೆ ಹೆಸರಾದ ಹಾರ್ವಿ ಕುಶಿಂಗ್ ಆತನ ಸಹಪಾಠಿ. ಆಗ ರೋಗಿಗೆ ಈಥರ್ ಕೊಡುವ ಕೆಲಸ ವಿದ್ಯಾರ್ಥಿಗಳದು. ಕೊಡುವಾಗ ರೋಗಿ ಸಾಯುವುದೂ ಇತ್ತು. ಯಾರು ಚೆನ್ನಾಗಿ ಕೊಡುತ್ತಾರೆಂದು ಇಬ್ಬರೂ ಪಂತ ಕಟ್ಟಿ, ಕಾಗದದ ಮೇಲೆ ನಾಡಿ, ಉಸಿರುಗಳನ್ನು ನಿಮಿಷಗಳ ಲೆಕ್ಕದಲ್ಲಿ ಗುರುತು ಹಾಕತೊಡಗಿದರು. ಅರಿವಳಿಕೆಯ ದಾಖಲೆ ಪಟ್ಟಿ ಹುಟ್ಟಿದ್ದು ಹೀಗೆ. ಲೆಕ್ಕ ಬರೆದಿಟ್ಟರೆ ಪ್ರಾಣ ಉಳಿಯುತ್ತದೆ ಎಂಬ ಪಾಠವನ್ನು ಕಾಡ್‌ಮನ್ ಸಾಯುವವರೆಗೂ ಮರೆಯಲಿಲ್ಲ.

ಹೆಗಲಿಗೆ ಆತ ಬಂದಾಗ ಎಕ್ಸ್‌ರೇ ಬಂದು ಹೆಚ್ಚು ಕಾಲವಾಗಿರಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಸ್ನಾಯುರಜ್ಜು ಕಾಣುವುದಿಲ್ಲ. ಬಿದ್ದು ಹೆಗಲು ನೋಯಿಸಿಕೊಂಡ ಕೂಲಿಕಾರನ ಚಿತ್ರದಲ್ಲಿ ಮೂಳೆ ಸರಿಯಾಗಿದ್ದರೆ ನಿನಗೇನೂ ಆಗಿಲ್ಲ ಎನ್ನುವುದು ಸುಲಭ. ಅಪಘಾತಕ್ಕೆ ಪರಿಹಾರ ಕೊಡುವ ಕಾನೂನು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1911ರಲ್ಲಿ ಬಂದ ಮೇಲೆ ಈ ಮಾತಿಗೆ ದುಡ್ಡಿನ ತೂಕವೂ ಬಂತು. ಏನೂ ಆಗಿಲ್ಲದಿದ್ದರೆ ಪರಿಹಾರವೂ ಇಲ್ಲ. ಕಾಡ್‌ಮನ್ ಇಂಥವರನ್ನು ಮುಟ್ಟಿ ನೋಡಿದ. ಆತ ಕಂಡುಕೊಂಡ ಚಿತ್ರ ಸ್ಪಷ್ಟವಾಗಿತ್ತು: ನಲವತ್ತು ದಾಟಿದ ದುಡಿಮೆಗಾರ, ಅಲ್ಲಿಯವರೆಗೆ ಹೆಗಲಿನ ಗೊಡವೆ ಇಲ್ಲದವನು, ಬಿದ್ದಾಗ ಒಳಗೆ ಏನೋ ಹರಿದಂತಾಯಿತು ಎನ್ನುತ್ತಾನೆ. ವೈದ್ಯ ಎತ್ತಿದರೆ ಕೈ ಮೇಲೆ ಹೋಗುತ್ತದೆ, ತಾನಾಗಿ ಎತ್ತಲಾರ. ಬಗ್ಗಿ ನಿಂತರೆ ಮಾತ್ರ ತೋಳಿನ ಭಾರ ಹೆಗಲಿನ ಮೇಲೆ ಬೀಳದೆ ಕೈ ಸಲೀಸಾಗಿ ಆಡುತ್ತದೆ. ನಾನು ಟೇಬಲ್ ಹಿಡಿದು ಮಾಡುವ ಲೋಲಕದ ವ್ಯಾಯಾಮದ ಗುಟ್ಟು ಇದೇ.

1909ರಲ್ಲಿ ಆತ ಹರಿದ ಸುಪ್ರಾಸ್ಪೈನೇಟಸ್ ಅನ್ನು ತೆರೆದು ಹೊಲಿದ. ಎರಡು ಪ್ರಕರಣಗಳ ವರದಿ 1911ರಲ್ಲಿ ಬಾಸ್ಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಣ್ಣಿಗೆ ಕಾಣದ್ದನ್ನು ಆತ ಬೆರಳಿನಿಂದ, ರೋಗಿಯ ಮಾತಿನಿಂದ ಕಂಡಿದ್ದ. ಕೂಲಿಕಾರ ನಾಟಕ ಆಡುತ್ತಿಲ್ಲ ಎಂಬುದಕ್ಕೆ ಹೆಗಲಿನೊಳಗೆ ಸಾಕ್ಷಿ ಸಿಕ್ಕಿತ್ತು.

ಆದರೆ ಹೊಲಿದದ್ದರಿಂದ ಉಪಯೋಗವಾಯಿತೇ? ಈ ಪ್ರಶ್ನೆಯೇ ಕಾಡ್‌ಮನ್‌ನ ಇನ್ನೊಂದು ಹುಚ್ಚು. ಆತ ಅದನ್ನು 'ಅಂತಿಮ ಫಲಿತಾಂಶ'ದ ವಿಚಾರ ಎಂದು ಕರೆದ. ಪ್ರತಿ ರೋಗಿಗೂ ಒಂದು ಕಾರ್ಡು: ಬಂದಾಗ ಏನಾಗಿತ್ತು, ನಾವು ಏನೆಂದುಕೊಂಡೆವು, ಏನು ಮಾಡಿದೆವು, ಒಂದು ವರ್ಷದ ಮೇಲೆ ಆತ ಹೇಗಿದ್ದಾನೆ. ಸರಿಹೋಗದಿದ್ದರೆ ಯಾಕೆ? ಅದು ರೋಗದ ತಪ್ಪೋ, ನಮ್ಮ ತಪ್ಪೋ? ಈಗ ಇದು ತೀರ ಸಾದಾ ಮಾತು ಅನಿಸಬಹುದು. ಆಗಿನ ಆಸ್ಪತ್ರೆಗಳು ಎಷ್ಟು ಜನ ಬಂದರು, ಎಷ್ಟು ಖರ್ಚಾಯಿತು ಎಂದು ಬರೆದಿಡುತ್ತಿದ್ದವು. ಮನೆಗೆ ಹೋದವರು ಏನಾದರು ಎಂದು ಬರೆಯುತ್ತಿರಲಿಲ್ಲ.

ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಬಡ್ತಿ ಸಿಗುತ್ತಿದ್ದುದು ಹಿರಿತನದ ಮೇಲೆ. ಫಲಿತಾಂಶ ನೋಡಿ ಕೊಡಿ ಎಂದು ಹಟ ಹಿಡಿದ ಕಾಡ್‌ಮನ್ 1914ರಲ್ಲಿ ಅಲ್ಲಿಂದ ರಾಜೀನಾಮೆ ಕೊಟ್ಟು ಹೊರಬಂದ. 1915ರ ಜನವರಿ 6ರಂದು ಬಾಸ್ಟನ್ನಿನ ವೈದ್ಯಕೀಯ ಗ್ರಂಥಾಲಯದಲ್ಲಿ ತಾನೇ ಕರೆದ ಸಭೆಯಲ್ಲಿ ಒಂದು ದೊಡ್ಡ ವ್ಯಂಗ್ಯಚಿತ್ರದ ಪರದೆ ಸರಿಸಿದ. ಮರಳಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿ, ಅದು ನಗರದ ಶ್ರೀಮಂತ ಬಡಾವಣೆಯ ಜನ. ತಲೆ ಎತ್ತಿ ನೋಡದೆ ವೈದ್ಯರಿಗೆ ಚಿನ್ನದ ಮೊಟ್ಟೆ ಇಡುತ್ತಿದೆ. ತನಗೆ ಸಿಗುತ್ತಿರುವ ಚಿಕಿತ್ಸೆಯ ನಿಜ ಗೊತ್ತಾದರೆ ಅದು ಮೊಟ್ಟೆ ಇಡುವುದನ್ನು ನಿಲ್ಲಿಸೀತೇ ಎಂದು ಆಸ್ಪತ್ರೆಯ ಧರ್ಮದರ್ಶಿಗಳು ಯೋಚಿಸುತ್ತಿದ್ದಾರೆ. ಸಭೆ ಕೋಲಾಹಲವಾಯಿತು. ಸ್ಥಳೀಯ ವೈದ್ಯರ ಸಂಘದ ಅಧ್ಯಕ್ಷತೆ ಹೋಯಿತು, ಹಾರ್ವರ್ಡ್‌ನ ಬೋಧಕನ ಕೆಲಸ ಹೋಯಿತು, ಸ್ನೇಹಿತರು ದೂರವಾದರು.

ಅಷ್ಟರಲ್ಲಿ ಆತ ತನ್ನದೇ ಒಂದು ಚಿಕ್ಕ ಆಸ್ಪತ್ರೆ ನಡೆಸುತ್ತಿದ್ದ. 1911ರಿಂದ 1916ರವರೆಗೆ ಅಲ್ಲಿಂದ ಮನೆಗೆ ಹೋದ 337 ರೋಗಿಗಳ ಲೆಕ್ಕವನ್ನು ಅಚ್ಚು ಹಾಕಿಸಿ ಹಂಚಿದ. ಅದರಲ್ಲಿ ತನ್ನ ಮತ್ತು ತನ್ನವರ 123 ತಪ್ಪುಗಳನ್ನೂ ಪಟ್ಟಿ ಮಾಡಿದ್ದ: ಇಲ್ಲಿ ತಿಳಿವಳಿಕೆ ಸಾಲಲಿಲ್ಲ, ಇಲ್ಲಿ ಕೈಚಳಕ ಸಾಲಲಿಲ್ಲ, ಇಲ್ಲಿ ರೋಗ ಗುರುತಿಸಿದ್ದೇ ತಪ್ಪು. ಆ ಪುಟಗಳ ವಿಷಯ ಓದಿದ ರಾತ್ರಿ ನಾನು ಬಹಳ ಹೊತ್ತು ಎಚ್ಚರವಿದ್ದೆ. ಮೂವತ್ತು ವರ್ಷದಲ್ಲಿ ನಾನು ಪಾಠ ಹೇಳಿದ ಮಕ್ಕಳಲ್ಲಿ ಎಷ್ಟು ಜನಕ್ಕೆ ಅದು ಉಪಯೋಗವಾಯಿತು? ಪಾಸಾದವರ ಶೇಕಡಾವಾರು ನನ್ನ ಬಳಿ ಇದೆ. ಇನ್ನಾವ ಲೆಕ್ಕವೂ ಇಲ್ಲ.

1934ರಲ್ಲಿ, ಅರವತ್ತು ದಾಟಿದ ಮೇಲೆ, ಕಾಡ್‌ಮನ್ ತನ್ನ ಖರ್ಚಿನಲ್ಲೇ 'ದ ಶೋಲ್ಡರ್' ಎಂಬ ಗ್ರಂಥ ಪ್ರಕಟಿಸಿದ. ಹೆಗಲಿನ ಬಗ್ಗೆಯೇ ಬಂದ ಮೊದಲ ದೊಡ್ಡ ಪುಸ್ತಕಗಳಲ್ಲಿ ಅದೂ ಒಂದು. 'ಫ್ರೋಜನ್ ಶೋಲ್ಡರ್' ಎಂದು ಇಂದು ಊರೂರಲ್ಲೂ ಕೇಳುವ ಮಾತು ಅದರಿಂದಲೇ ಬಂದದ್ದು. ಅದರ ಮುನ್ನುಡಿಯಲ್ಲಿ ಆತ ತನ್ನ ಜಗಳ, ಸೋಲುಗಳ ಕಥೆಯನ್ನೂ ಬರೆದಿದ್ದಾನೆ. ಕೀಲಿನ ಪುಸ್ತಕದಲ್ಲಿ ಆತ್ಮಕಥೆ ಯಾಕೆ ಎಂದು ಮೊದಲು ಅನಿಸಿತು. ಆಮೇಲೆ ಎರಡೂ ಒಂದೇ ವಿಷಯ ಎನ್ನುವುದು ಹೊಳೆಯಿತು. ಹರುಕಿನ ಹಾನಿ ಹರಿದ ದಿನ ಪೂರ್ತಿಯಾಗಿ ಕಾಣುವುದಿಲ್ಲ. ವರ್ಷಗಟ್ಟಲೆ ಬೆನ್ನು ಬಿದ್ದು ನೋಡಿದವನಿಗೆ ಮಾತ್ರ ಅದು ಕಾಣುತ್ತದೆ.

ಆ ಹಾನಿಯ ಕ್ರಮವನ್ನು ಆತನ ನಂತರದವರು ಬಿಡಿಸಿ ಹೇಳಿದರು. 1944ರಲ್ಲಿ ಕ್ಯಾಲಿಫೋರ್ನಿಯದ ಇನ್‌ಮನ್ ಮತ್ತು ಜೊತೆಗಾರರು ಹೆಗಲಿನ ಬಲಗಳ ಜೋಡಿಯನ್ನು ವಿವರಿಸಿದರು. ಹೆಗಲಿನ ಹೊರಗೆ ಕಾಣುವ ದಪ್ಪ ಡೆಲ್ಟಾಯ್ಡ್ ಸ್ನಾಯು ತೋಳನ್ನು ಮೇಲಕ್ಕೆ ಸೆಳೆಯುತ್ತದೆ, ಕಫ್ ಮೂಳೆಯ ತಲೆಯನ್ನು ಗುಳಿಗೆ ಒತ್ತಿ ಹಿಡಿಯುತ್ತದೆ. ಎರಡೂ ಸೇರಿದಾಗ ತಲೆ ಇದ್ದಲ್ಲೇ ಉರುಳಿ ಕೈ ಏಳುತ್ತದೆ. ಕಫ್ ಹರಿದು ದೊಡ್ಡದಾದರೆ ಹಿಡಿಯುವವರಿಲ್ಲ. ಡೆಲ್ಟಾಯ್ಡ್ ಎಳೆದಾಗ ತಲೆ ಉರುಳುವ ಬದಲು ಮೇಲೆ ಜಾರಿ ಚಾವಣಿಯ ಮೂಳೆಗೆ ಉಜ್ಜುತ್ತದೆ. ಇತ್ತ ಎಳೆತ ತಪ್ಪಿದ ಸ್ನಾಯು ಕೆಲಸವಿಲ್ಲದೆ ಸೊರಗುತ್ತದೆ, ಅದರೊಳಗೆ ಕೊಬ್ಬು ಸೇರಿಕೊಳ್ಳುತ್ತದೆ. ಫ್ರಾನ್ಸಿನ ಗುಟಾಲಿಯೇ 1994ರಲ್ಲಿ ಇದನ್ನು ಹಂತಹಂತವಾಗಿ ವಿಂಗಡಿಸಿದ. ತೀರ ಕೊಬ್ಬಾದ ಸ್ನಾಯುವಿನ ಪಟ್ಟಿಯನ್ನು ಹೊಲಿದರೂ ಅದು ಮೊದಲಿನ ಸ್ನಾಯುವಾಗುವುದಿಲ್ಲ.

ಕೊನೆಯ ಹಂತಕ್ಕೆ ಹೆಸರು ಕೊಟ್ಟವನು ನ್ಯೂಯಾರ್ಕಿನ ಚಾರ್ಲ್ಸ್ ನೀರ್. 1983ರಲ್ಲಿ ಆತ ಮತ್ತು ಜೊತೆಗಾರರು 26 ರೋಗಿಗಳ ಹೆಗಲನ್ನು ಮುಂದಿಟ್ಟು, ಹರುಕು ದೊಡ್ಡದಾಗಿ ಬಹುಕಾಲ ಉಳಿದರೆ ಕೆಲವರಲ್ಲಿ ಕೀಲೇ ಕುಸಿಯುತ್ತದೆ ಎಂದು ತೋರಿಸಿದರು. ಕಾರಣ ಎರಡು ಎಂದರು. ಒಂದು, ಮೇಲೆ ಜಾರಿದ ಮೂಳೆಯ ಉಜ್ಜಾಟ. ಎರಡು, ಮೃದ್ವಸ್ಥಿಯ ಹಸಿವು. ಕೀಲಿನೊಳಗಿನ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಕೀಲಿನ ದ್ರವವೇ ಅದರ ಆಹಾರ. ಹರುಕಿನಿಂದ ದ್ರವ ಸೋರುತ್ತದೆ, ಚಲನೆ ನಿಂತರೆ ಇದ್ದ ದ್ರವವೂ ಹಂಚಿಹೋಗುವುದಿಲ್ಲ. ಮೃದ್ವಸ್ಥಿ ತೆಳುವಾಗಿ, ಮೂಳೆ ಮೆತ್ತಗಾಗಿ ದುಂಡು ತಲೆ ಕುಸಿಯುತ್ತದೆ. ಆಡಮ್ಸ್ ವಾತವೆಂದು ಬರೆದಿಟ್ಟ ಹೆಗಲುಗಳಲ್ಲಿ ಇಂಥವೂ ಇದ್ದವು ಎಂದು ನಂತರದವರು ಗುರುತಿಸಿದರು. ಅಮ್ಮನ ಹೆಗಲಿನ ಕಟಕಟ ಸದ್ದು ಮತ್ತೆ ಕಿವಿಗೆ ಬಂದದ್ದು ಇಲ್ಲಿ. ಅವಳ ಹೆಗಲನ್ನು ಯಾವ ಯಂತ್ರವೂ ನೋಡಲಿಲ್ಲ, ಈಗ ಕೇಳಲು ಅವಳೂ ಇಲ್ಲ. ಸ್ಮಿತ್‌ನ ಮುಂದಿದ್ದ ಹೆಣಗಳ ಹಾಗೆ ಅವಳೂ ಕಥೆ ಹೇಳದೆ ಹೋದಳು.

ಇಂಥ ಹೆಗಲಿಗೂ 1985ರಲ್ಲಿ ಒಂದು ದಾರಿ ಸಿಕ್ಕಿತು. ಫ್ರಾನ್ಸಿನ ಪಾಲ್ ಗ್ರಾಮೋಂ ಕೀಲನ್ನು ತಲೆಕೆಳಗು ಮಾಡಿದ: ಗುಳಿಯಿದ್ದ ಕಡೆ ಲೋಹದ ಗುಂಡು, ಗುಂಡಿದ್ದ ಕಡೆ ಬಟ್ಟಲು. ಆಗ ಕಫ್ ಇಲ್ಲದಿದ್ದರೂ ಡೆಲ್ಟಾಯ್ಡ್ ಒಂದೇ ಕೈಯೆತ್ತಬಲ್ಲದು.

ಇಷ್ಟು ಓದಿದ ಮೇಲೆ ನಾನು ಹೆದರಿ ಮರುದಿನವೇ ಹೊಲಿಸಿಕೊಳ್ಳಲು ಹೊರಟಿದ್ದೆ. ತಡೆದದ್ದು ಕಾಡ್‌ಮನ್‌ನ ಪ್ರಶ್ನೆಯೇ. ಎಲ್ಲ ಹರುಕೂ ಹೀಗೆ ಮುಗಿಯುತ್ತದೆಯೇ? ಲೆಕ್ಕ ಇಟ್ಟವರು ಯಾರಾದರೂ ಇದ್ದಾರೆಯೇ?

ಇದ್ದಾರೆ. 1995ರಲ್ಲಿ ಅಮೆರಿಕದ ವೈದ್ಯರು ಹೆಗಲಿನ ನೋವೇ ಇಲ್ಲದ 96 ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿದರು. ಶೇಕಡಾ 34 ಜನರಲ್ಲಿ ಹರುಕಿತ್ತು. ಅರವತ್ತು ದಾಟಿದವರಲ್ಲಿ ಅದು ಶೇಕಡಾ 54. ಅಂದರೆ ಕಫ್ ಹರಿದೂ ಸುಖವಾಗಿ ಓಡಾಡುವವರು ನಮ್ಮ ಸುತ್ತ ಎಷ್ಟೋ ಜನ. ಆದರೆ ಅದೇ ಕೊನೆಯ ಮಾತಲ್ಲ. 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನೋವಿಲ್ಲದ ಹರುಕಿನ 45 ಜನರ ಬೆನ್ನು ಹತ್ತಿತು. ಸರಾಸರಿ ಮೂರು ವರ್ಷದೊಳಗೆ 23 ಜನಕ್ಕೆ ನೋವು ಶುರುವಾಗಿತ್ತು. ಕೆಲವರ ಹರುಕು ಬೆಳೆದಿತ್ತು.

ಚಿಕಿತ್ಸೆಯ ಲೆಕ್ಕವನ್ನೂ ಕೇಳಿದರು. ಹರುಕಿಗೆ ಮುಖ್ಯ ಕಾರಣ ಮೇಲಿನ ಮೂಳೆಯ ಉಜ್ಜಾಟ ಎಂದು ನಂಬಿದ್ದ ನೀರ್, ಆ ಚಾವಣಿಯ ಅಡಿಭಾಗವನ್ನು ಕೆತ್ತುವ ಶಸ್ತ್ರಚಿಕಿತ್ಸೆಯನ್ನು 1972ರಲ್ಲಿ ವಿವರಿಸಿದ್ದ. ಅದು ಲೋಕದ ತುಂಬ ಹರಡಿತು. 2018ರಲ್ಲಿ ಬ್ರಿಟನ್ನಿನ ವೈದ್ಯರು, ಕಫ್ ಪೂರ್ತಿ ಹರಿಯದೆ ಹೆಗಲು ನೋಯುತ್ತಿದ್ದ 313 ಜನರನ್ನು ಗುಂಪು ಮಾಡಿ, ಕೆಲವರಿಗೆ ಮೂಳೆ ಕೆತ್ತಿ, ಕೆಲವರಿಗೆ ಕೀಲಿನೊಳಗೆ ಇಣುಕಿ ನೋಡಿ ಏನನ್ನೂ ಕೆತ್ತದೆ ಮುಗಿಸಿ, ಕೆಲವರಿಗೆ ಏನೂ ಮಾಡದೆ ಪಡೆದ ಫಲಿತಾಂಶ ಪ್ರಕಟಿಸಿದರು. ಕೆತ್ತಿದವರಿಗೂ ಕೆತ್ತದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಸುಮಾರು ನಲವತ್ತೈದು ವರ್ಷ ಯಾರೂ ಹೀಗೆ ಕೇಳಿರಲಿಲ್ಲ. ಕಾಡ್‌ಮನ್ ಇದ್ದಿದ್ದರೆ ಇನ್ನೊಂದು ಉಷ್ಟ್ರಪಕ್ಷಿ ಬರೆಸುತ್ತಿದ್ದನೇನೋ.

ಆತ 1940ರಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ಬಾಸ್ಟನ್ ಪಕ್ಕದ ಮೌಂಟ್ ಆಬರ್ನ್ ಸ್ಮಶಾನದ ಆತನ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಶಸ್ತ್ರವೈದ್ಯರ ಸಂಘಟನೆಗಳು ಸೇರಿ ಅಲ್ಲಿ ಕಲ್ಲು ನೆಟ್ಟದ್ದು 2014ರಲ್ಲಿ. ಕಾರ್ಡಿನಲ್ಲಿ ಬರೆದಿಡಬೇಕಾದ ಅಂತಿಮ ಫಲಿತಾಂಶ, 74 ವರ್ಷ ತಡವಾಗಿ.

ನಾನು ಮತ್ತೆ ವೈದ್ಯರ ಬಳಿ ಹೋಗಿ ಕೇಳಿದೆ: "ಹೊಲಿಸಿಕೊಂಡವರು, ಹೊಲಿಸದೆ ಬಿಟ್ಟವರು, ಐದು ವರ್ಷದ ಮೇಲೆ ಹೇಗಿರ್ತಾರೆ ಡಾಕ್ಟ್ರೇ?" ಅವರು ಪೆನ್ನು ಕೆಳಗಿಟ್ಟು ಅರ್ಧ ಗಂಟೆ ಮಾತಾಡಿದರು. ವಯಸ್ಸು, ಹರುಕಿನ ಅಳತೆ, ಸ್ನಾಯುವಿನಲ್ಲಿ ಕೊಬ್ಬು ಸೇರಿದೆಯೋ ಇಲ್ಲವೋ, ಕೈಗೆ ಯಾವ ಕೆಲಸ ಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ, ನನ್ನ ಮಟ್ಟಿಗೆ ಕಾಯಬಹುದು, ಆದರೆ ಕಣ್ಣು ಮುಚ್ಚಿ ಕಾಯುವಂತಿಲ್ಲ, ವರ್ಷಕ್ಕೊಮ್ಮೆ ಸ್ಕ್ಯಾನ್ ಬೇಕು ಎಂದರು. ಒಪ್ಪಿಕೊಂಡೆ. ಇದು ನನ್ನ ಹೆಗಲಿನ ತೀರ್ಮಾನ, ಇನ್ನೊಬ್ಬರದ್ದು ಬೇರೆಯೇ ಇರಬಹುದು.

ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಮಗಳು ಬೆಳೆದಷ್ಟೂ ಅವಳ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದೇವೆ. ಅದರ ಎದುರಿನ ಚೌಕಟ್ಟಿಗೆ ಒರಗಿ ನಿಂತು ಪ್ರತಿ ತಿಂಗಳ ಮೊದಲ ದಿನ ಬಲಗೈ ಎತ್ತುತ್ತೇನೆ. ಬೆರಳ ತುದಿ ಮುಟ್ಟಿದಲ್ಲಿ ಹೆಂಡತಿ ಗೆರೆ ಎಳೆದು ತಾರೀಖು ಬರೆಯುತ್ತಾಳೆ. ಹನ್ನೊಂದು ಗೆರೆಗಳಾಗಿವೆ. ನಾಲ್ಕನೆಯದು ಮೂರನೆಯದಕ್ಕಿಂತ ಕೆಳಗಿದೆ. ಅದನ್ನು ಅಳಿಸೋಣವೇ ಎಂದಳು. ಬೇಡ, ಇರಲಿ ಅಂದೆ.